ನಮ್ಮ ಚರ್ಮಕ್ಕೆ ತಾಗುವುದು ಏನು ಎಂದು ಬರೆದು ಕೊಡಿ

ಸ್ಮಾರ್ಟ್‌ವಾಚ್ ತಯಾರಿಸುವ ಕಂಪನಿಗಳವರಿಗೆ ಮತ್ತು ಇಂಥ ವಸ್ತುಗಳಿಗೆ ಸುರಕ್ಷತೆಯ ನಿಯಮ ಮಾಡುವ ಅಧಿಕಾರಿಗಳಿಗೆ,

ನಮಸ್ಕಾರ.

ನನ್ನ ಎಡಗೈ ಮಣಿಕಟ್ಟಿನ ಮೇಲೆ ಒಂದು ಗುರುತಿದೆ. ಬಾಟಲಿಯ ಮುಚ್ಚಳದಷ್ಟು ಅಗಲ, ಗುಂಡಗೆ. ನಡುವಿನ ಚರ್ಮ ಈಗ ಮಾಮೂಲಿ ಬಣ್ಣಕ್ಕೆ ಬಂದಿದೆ. ಸುತ್ತಲಿನ ಗೆರೆ ಮಾತ್ರ ಇನ್ನೂ ಕಪ್ಪಗೆ ಉಳಿದಿದೆ. ವಾಚಿನ ಹಿಂಬದಿಯಲ್ಲಿ ಗಾಜು ಎಲ್ಲಿ ಮುಗಿದು ಲೋಹ ಎಲ್ಲಿ ಶುರುವಾಗುತ್ತದೋ, ಸರಿಯಾಗಿ ಅದೇ ಅಳತೆಯ ಗೆರೆ ಅದು. ವಾಚ್ ಬಿಚ್ಚಿಟ್ಟು ಎಂಟು ತಿಂಗಳಾಯಿತು. ಗೆರೆ ಹೋಗಿಲ್ಲ.

ಮೊದಮೊದಲು ತುಂಬಾ ಸಿಟ್ಟಿತ್ತು. ಈಗ ಇಳಿದಿದೆ. ಒಂದು ಪ್ರಶ್ನೆ ಮಾತ್ರ ಉಳಿದುಕೊಂಡಿದೆ. ಖಾಸಗಿಯಾಗಿ ಕೇಳಿದಾಗ ಉತ್ತರ ಸಿಗಲಿಲ್ಲ. ಅದಕ್ಕೇ ಎಲ್ಲರ ಮುಂದೆ ಕೇಳುತ್ತಿದ್ದೇನೆ.

ನಡೆದದ್ದು ಇಷ್ಟು. ರಾತ್ರಿ ಸರಿಯಾಗಿ ನಿದ್ದೆ ಬರುತ್ತಿರಲಿಲ್ಲ. ಎಷ್ಟು ಹೊತ್ತು ಮಲಗುತ್ತೇನೆ, ಎಷ್ಟು ಸಲ ಎಚ್ಚರವಾಗುತ್ತದೆ ಎಂದು ನೋಡೋಣ ಅಂತ ಒಂದು ಸ್ಮಾರ್ಟ್‌ವಾಚ್ ತಗೊಂಡೆ. ಚಾರ್ಜಿಗೆ ಹಾಕುವ ಒಂದು ಗಂಟೆ ಬಿಟ್ಟರೆ ಹಗಲೂ ರಾತ್ರಿ ಅದು ಕೈಯಲ್ಲೇ ಇರುತ್ತಿತ್ತು. ಎರಡು ತಿಂಗಳು ಏನೂ ಆಗಲಿಲ್ಲ. ಮೂರನೇ ತಿಂಗಳಲ್ಲಿ ವಾಚಿನ ಕೆಳಗೆ ನವೆ ಶುರುವಾಯಿತು. ಬೆವರಿರಬೇಕು ಅಂದುಕೊಂಡು ಕೈ ತೊಳೆದೆ, ವಾಚ್ ಒರೆಸಿದೆ, ಬೆಲ್ಟನ್ನು ಒಂದು ತೂತು ಸಡಿಲ ಮಾಡಿದೆ. ಒಂದು ವಾರದಲ್ಲಿ ಚರ್ಮ ಗುಂಡಗೆ ಉಬ್ಬಿತು. ಅಂಚಿನಲ್ಲಿ ಸಾಸಿವೆಗಿಂತ ಸಣ್ಣ ನೀರುಗುಳ್ಳೆಗಳು ಸಾಲಾಗಿ ಎದ್ದವು. ನಿದ್ದೆಗಣ್ಣಲ್ಲಿ ಕೆರೆದುಕೊಂಡು ಬೆಳಗ್ಗೆ ನೋಡಿದರೆ ರಸಿ ಒಸರುತ್ತಿತ್ತು.

ಆಗ ನಾನು ಎಲ್ಲರೂ ಮಾಡುವುದನ್ನೇ ಮಾಡಿದೆ. ವಾಚನ್ನು ಬಲಗೈಗೆ ಕಟ್ಟಿಕೊಂಡೆ. ಎಡಗೈಯಲ್ಲಿ ದದ್ದು ಏಳಲು ಎರಡು ತಿಂಗಳು ಹಿಡಿದಿತ್ತು. ಬಲಗೈಯಲ್ಲಿ ಎರಡೇ ದಿನ. ಇದರ ಅರ್ಥ ಏನೆಂದು ಆಗ ನನಗೆ ಗೊತ್ತಿರಲಿಲ್ಲ.

ಕಂಪನಿಯ ಕಸ್ಟಮರ್ ಕೇರ್‌ಗೆ ಬರೆದೆ, ಫೋಟೋ ಕಳಿಸಿದೆ. "ವಾಚನ್ನೂ ಕೈಯನ್ನೂ ಸ್ವಚ್ಛವಾಗಿ, ಒಣಗಿಸಿ ಇಟ್ಟುಕೊಳ್ಳಿ. ಸ್ವಲ್ಪ ಸಡಿಲವಾಗಿ ಕಟ್ಟಿ. ಆಗಾಗ ಬಿಚ್ಚಿಡಿ" ಎಂದು ಉತ್ತರ ಬಂತು. ಇದೆಲ್ಲ ಮಾಡಿ ಆಗಿದೆ ಎಂದು ಮತ್ತೆ ಬರೆದೆ. ಅದೇ ಮೂರು ಸಾಲು ಮತ್ತೆ ಬಂತು. ಮೂರನೇ ಸಲ ಬರೆದಾಗ ಬೇರೆ ಸ್ಟ್ರಾಪ್ ಹಾಕಿ ನೋಡಿ ಎಂದರು. ಸ್ಟ್ರಾಪಿನ ಕೆಳಗೆ ನನ್ನ ಚರ್ಮಕ್ಕೆ ಏನೂ ಆಗಿರಲಿಲ್ಲ. ಫೋಟೋದಲ್ಲಿ ಅದು ಕಣ್ಣಿಗೆ ಹೊಡೆಯುವಂತೆ ಕಾಣುತ್ತಿತ್ತು. ಆ ಫೋಟೋವನ್ನು ಯಾರೂ ತೆರೆದು ನೋಡಿಲ್ಲ ಎಂದು ನನಗೆ ಆವತ್ತು ಅನಿಸಿತು. ದದ್ದಿಗಿಂತ ಜಾಸ್ತಿ ನೋವಾಗಿದ್ದು ಅದರಿಂದಲೇ.

ಚರ್ಮದ ಡಾಕ್ಟರ್ ಮೊದಲು ಕೇಳಿದ್ದು, "ವಾಚ್ ತಂದಿದ್ದೀರಾ?" ಎಂದು. ಚೀಲದಿಂದ ತೆಗೆದು ಕೊಟ್ಟೆ. ತಿರುಗಿಸಿ ಹಿಂಬದಿಯನ್ನು ನನ್ನ ಕೈಯ ಪಕ್ಕ ಹಿಡಿದರು. ಗಾಜಿನ ಅಂಚಿನ ಮೇಲೆ ಉಗುರು ಓಡಿಸಿ, "ಈ ಗಾಜನ್ನು ಯಾವ ಅಂಟಿನಿಂದ ಕೂರಿಸಿದ್ದಾರೆ, ಗೊತ್ತಾ?" ಎಂದರು. ನನಗೆ ಹೇಗೆ ಗೊತ್ತಿರಬೇಕು? ನನ್ನ ಪ್ರಶ್ನೆ ಹುಟ್ಟಿದ್ದು ಅಲ್ಲಿ.

ಮುಂದೆ ಹೋಗುವ ಮೊದಲು ನಿಮಗೆ ನ್ಯಾಯವಾಗಿ ಸಲ್ಲಬೇಕಾದ ಮಾತೊಂದನ್ನು ಹೇಳಿಬಿಡುತ್ತೇನೆ. ನಿಮ್ಮ ಸ್ವಚ್ಛ ಮತ್ತು ಒಣ ಎಂಬ ಸಲಹೆ ತಪ್ಪೇನಲ್ಲ. ವಾಚ್ ಕಟ್ಟಿದ ಕೈಗೆ ಆಗುವ ತೊಂದರೆಗಳಲ್ಲಿ ಅಲರ್ಜಿಯೇ ಅಲ್ಲದವು ಬಹಳ ಇವೆ. ಬೆವರು, ಸೋಪಿನ ನೊರೆ, ಲೋಷನ್ ಎಲ್ಲ ವಾಚಿನ ಕೆಳಗೆ ಸಿಕ್ಕಿಕೊಳ್ಳುತ್ತವೆ. ಗಾಳಿ ಆಡುವುದಿಲ್ಲ. ಚರ್ಮ ನೆನೆದು ಮೆತ್ತಗಾಗುತ್ತದೆ. ಮೆತ್ತಗಾದ ಚರ್ಮವನ್ನು ಸ್ಟ್ರಾಪ್ ದಿನವಿಡೀ ಉಜ್ಜುತ್ತದೆ. ಉರಿ, ಕೆಂಪು, ಬೆವರುಸಾಲೆ, ಕೆಲವರಿಗೆ ಶಿಲೀಂಧ್ರದ ಸೋಂಕು, ಇವೆಲ್ಲ ಹೀಗೆ ಬರುತ್ತವೆ. 2023ರಲ್ಲಿ ಫ್ಲಾರಿಡಾ ಅಟ್ಲಾಂಟಿಕ್ ವಿಶ್ವವಿದ್ಯಾಲಯದವರು 20 ರಿಸ್ಟ್‌ಬ್ಯಾಂಡ್‌ಗಳನ್ನು ಪರೀಕ್ಷಿಸಿದಾಗ 95 ಶೇಕಡದಲ್ಲಿ ಬ್ಯಾಕ್ಟೀರಿಯಾ ಸಿಕ್ಕಿತ್ತು. ರಬ್ಬರ್ ಮತ್ತು ಪ್ಲಾಸ್ಟಿಕ್ ಬ್ಯಾಂಡುಗಳಲ್ಲಿ ಜಾಸ್ತಿ, ಚಿನ್ನ ಬೆಳ್ಳಿಯವುಗಳಲ್ಲಿ ತೀರಾ ಕಡಿಮೆ. ಇಂಥ ತೊಂದರೆ ವಾಚ್ ಬಿಚ್ಚಿ, ತೊಳೆದು, ಕೆಲವು ದಿನ ಕೈಗೆ ಬಿಡುವು ಕೊಟ್ಟರೆ ಸಾಮಾನ್ಯವಾಗಿ ವಾಸಿಯಾಗುತ್ತದೆ. ಸೋಂಕಾಗಿದ್ದರೆ ಮಾತ್ರ ಅದಕ್ಕೆ ತಕ್ಕ ಔಷಧಿ ಬೇಕು.

ಹಿಂಬದಿಯಲ್ಲಿ ಮಿನುಗುವ ಹಸಿರು ಬೆಳಕು ಚರ್ಮ ಸುಡುತ್ತದೆ ಎಂದು ಹೆದರುವವರಿದ್ದಾರೆ. ನಾನೂ ಹೆದರಿದ್ದೆ. ರಕ್ತದ ಓಟ ನೋಡಿ ಎದೆಬಡಿತ ಎಣಿಸಲು ಇಟ್ಟ ಸಣ್ಣ ಎಲ್ಇಡಿ ದೀಪ ಅದು. ಕಣ್ಣಿಗೆ ಕಾಣುವ ಬೆಳಕೇ, ನೇರಳಾತೀತ ಕಿರಣ ಅಲ್ಲ. ಅಷ್ಟು ಬೆಳಕಿಗೆ ಚರ್ಮ ಸುಡುವುದಿಲ್ಲ. ಬ್ಯಾಟರಿ ಕಾದು ಸುಡುವುದು ಬೇರೆಯೇ ಅಪಾಯ. 2022ರಲ್ಲಿ ಫಿಟ್‌ಬಿಟ್ ಐಯಾನಿಕ್ ವಾಚುಗಳನ್ನು ಅದೇ ಕಾರಣಕ್ಕೆ ವಾಪಸ್ ಕರೆಸಿಕೊಂಡರು. ಆ ಹೊತ್ತಿಗೆ ಅಮೆರಿಕದಲ್ಲಿ 78 ಜನ ಸುಟ್ಟ ಗಾಯದ ದೂರು ಕೊಟ್ಟಿದ್ದರು. ಸುಟ್ಟರೆ ಆ ಕ್ಷಣಕ್ಕೇ ತಿಳಿಯುತ್ತದೆ. ಅಲರ್ಜಿ ಹಾಗಲ್ಲ, ಅದು ನಿಧಾನಕ್ಕೆ ಬರುತ್ತದೆ. ನಿಧಾನಕ್ಕೆ ಬರುವುದರಿಂದಲೇ ಅದನ್ನು ಯಾರೂ ನಂಬುವುದಿಲ್ಲ.

ಡಾಕ್ಟರ್ ನನಗೆ ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಕೆಲವು ಲೋಹ, ಕೆಲವು ರಾಸಾಯನಿಕಗಳ ತೀರಾ ಸಣ್ಣ ಕಣಗಳು ಚರ್ಮದ ಒಳಗೆ ಇಳಿಯುತ್ತವೆ. ಮೈಯ ಕಾವಲು ಕಣಗಳು ಅದನ್ನು ಹೊರಗಿನ ಶತ್ರು ಎಂದು ಒಂದು ದಿನ ಗುರುತು ಹಾಕಿಕೊಳ್ಳುತ್ತವೆ. ಈ ಗುರುತು ಹಾಕಿಕೊಳ್ಳುವ ಕೆಲಸಕ್ಕೆ ಎರಡು ವಾರ ಹಿಡಿಯಬಹುದು, ತಿಂಗಳುಗಳು ಹಿಡಿಯಬಹುದು, ವರ್ಷಗಳೂ ಆಗಬಹುದು. ಅಲ್ಲಿಯವರೆಗೆ ಹೊರಗೆ ಏನೂ ಕಾಣುವುದಿಲ್ಲ. ಒಂದು ಸಲ ಗುರುತಾದ ಮೇಲೆ ಮಾತ್ರ ಅದೇ ವಸ್ತು ತಾಗಿದ ಒಂದೆರಡು ದಿನದಲ್ಲೇ ದದ್ದು ಏಳುತ್ತದೆ. ನನ್ನ ಎಡಗೈಯ ಎರಡು ತಿಂಗಳು, ಬಲಗೈಯ ಎರಡು ದಿನದ ಲೆಕ್ಕ ಇದೇ. ಬಲಗೈಗೆ ಕಟ್ಟುವ ಹೊತ್ತಿಗೆ ಇಡೀ ಮೈಗೆ ಅದರ ಗುರುತು ಸಿಕ್ಕಿಬಿಟ್ಟಿತ್ತು. ಸಾಮಾನ್ಯವಾಗಿ ಈ ಗುರುತು ಜೀವನಪೂರ್ತಿ ಅಳಿಸುವುದಿಲ್ಲ. ದದ್ದಿಗೆ ಮುಲಾಮು ಇದೆ. ಅಲರ್ಜಿಗೆ ಇರುವ ದಾರಿ ಒಂದೇ, ಆ ವಸ್ತುವಿನಿಂದ ದೂರ ಇರುವುದು. ದೂರ ಇರಬೇಕಾದರೆ ಅದರ ಹೆಸರು ಗೊತ್ತಿರಬೇಕು, ಅಲ್ವಾ?

ಮೊದಲ ಅನುಮಾನ ನಿಕಲ್ ಮೇಲೆ. ಲೋಹದ ಅಲರ್ಜಿಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದದ್ದು ಅದೇ. ಅಗ್ಗದ ಕಿವಿಯೋಲೆಗೆ ಕಿವಿ ಸೋರುವವರು, ಜೀನ್ಸಿನ ಲೋಹದ ಗುಂಡಿ ತಾಗಿ ಹೊಕ್ಕುಳ ಕೆಳಗೆ ತುರಿಕೆ ಬರುವವರು ಬಹುಪಾಲು ನಿಕಲ್ ಅಲರ್ಜಿಯವರು. ಕಿವಿ ಚುಚ್ಚಿಸಿಕೊಳ್ಳುವುದರಿಂದ ಗಂಡಸರಿಗಿಂತ ಹೆಂಗಸರಲ್ಲಿ ಇದು ಬಹಳ ಜಾಸ್ತಿ. ಡಾಕ್ಟರ್ ಹತ್ತಿರ ಎರಡು ಪುಟ್ಟ ಬಾಟಲಿಗಳಿದ್ದವು. ಒಂದರಲ್ಲಿ ಡೈಮೀಥೈಲ್‌ಗ್ಲೈಆಕ್ಸೀಮ್, ಇನ್ನೊಂದರಲ್ಲಿ ಅಮೋನಿಯಾ ದ್ರಾವಣ. ಹತ್ತಿ ಸುತ್ತಿದ ಕಡ್ಡಿಗೆ ಎರಡೂ ಒಂದೊಂದು ಹನಿ ಹಾಕಿ ಮೊದಲು ನನ್ನ ಕೀಚೈನಿನ ಮೇಲೆ ಅರ್ಧ ನಿಮಿಷ ಉಜ್ಜಿದರು. ಬಿಳಿ ಹತ್ತಿ ಗುಲಾಬಿ ಬಣ್ಣಕ್ಕೆ ತಿರುಗಿತು. ನಿಕಲ್ ಬಿಡುತ್ತಿದೆ ಎಂದು ಅರ್ಥ. ಹೊಸ ಕಡ್ಡಿ ತಗೊಂಡು ವಾಚಿನ ಬಕಲ್ ಮೇಲೆ, ಹಿಂಬದಿಯ ಲೋಹದ ಮೇಲೆ ಉಜ್ಜಿದರು. ಹತ್ತಿ ಬೆಳ್ಳಗೇ ಉಳಿಯಿತು. ನಿಮ್ಮ ಲೋಹ ಆ ಪರೀಕ್ಷೆಯಲ್ಲಿ ಪಾಸಾಯಿತು. ಅದನ್ನು ಸಂತೋಷದಿಂದಲೇ ಹೇಳುತ್ತೇನೆ.

ಅದು ಪಾಸಾಗಿದ್ದರ ಹಿಂದೆ ಒಂದು ನಿಯಮದ ಕಥೆ ಇದೆ. ಅಧಿಕಾರಿಗಳು ದಯವಿಟ್ಟು ಈ ಭಾಗವನ್ನು ಗಮನ ಇಟ್ಟು ಓದಬೇಕು. ನಿಕಲ್ ಅಲರ್ಜಿ ಹೆಚ್ಚುತ್ತಿರುವುದನ್ನು ನೋಡಿ ಡೆನ್ಮಾರ್ಕ್ 1990ರಲ್ಲೇ ಚರ್ಮಕ್ಕೆ ತಾಗುವ ಲೋಹದ ವಸ್ತುಗಳಿಗೆ ಮಿತಿ ಹಾಕಿತು. 1994ರಲ್ಲಿ ಯುರೋಪ್ ಒಕ್ಕೂಟ ಅದೇ ದಾರಿ ಹಿಡಿಯಿತು. ಇವತ್ತು ಅಲ್ಲಿ ಬಹಳ ಹೊತ್ತು ಮೈಗೆ ತಾಗುವ ವಸ್ತು ಒಂದು ಚದರ ಸೆಂಟಿಮೀಟರಿಗೆ ವಾರಕ್ಕೆ 0.5 ಮೈಕ್ರೋಗ್ರಾಂಗಿಂತ ಜಾಸ್ತಿ ನಿಕಲ್ ಬಿಡುವಂತಿಲ್ಲ. ವಾಚಿನ ಕೇಸು, ಬೆಲ್ಟು, ಬಕಲ್ ಎಲ್ಲಕ್ಕೂ ಇದು ಅನ್ವಯ. ವಸ್ತುವನ್ನು ಕೃತಕ ಬೆವರಿನಲ್ಲಿ ಒಂದು ವಾರ ಮುಳುಗಿಸಿಟ್ಟು ಅಳೆಯುತ್ತಾರೆ. ಇಲ್ಲಿ ಒಂದು ಜಾಣತನ ಇದೆ. ಲೋಹದಲ್ಲಿ ಎಷ್ಟು ನಿಕಲ್ ಇದೆ ಎಂದು ಅವರು ಕೇಳುವುದಿಲ್ಲ. ಎಷ್ಟು ಹೊರಗೆ ಬಿಡುತ್ತದೆ ಎಂದು ಕೇಳುತ್ತಾರೆ. ವಾಚಿಗೆ ಬಳಸುವ 316ಎಲ್ ಸ್ಟೀಲಿನಲ್ಲಿ 10ರಿಂದ 14 ಶೇಕಡ ನಿಕಲ್ ಇದ್ದರೂ ಅದು ಗಟ್ಟಿಯಾಗಿ ಸಿಕ್ಕಿಕೊಂಡಿರುತ್ತದೆ, ಹೊರಗೆ ಬರುವುದು ತೀರಾ ಕಡಿಮೆ. ನಿಯಮ ಬಂದ ಮೇಲೆ ಬೆಳೆದ ಡೆನ್ಮಾರ್ಕಿನ ಹುಡುಗಿಯರಲ್ಲಿ ನಿಕಲ್ ಅಲರ್ಜಿ ಕಣ್ಣಿಗೆ ಕಾಣುವಷ್ಟು ಇಳಿಯಿತು. ಒಂದು ಹಾಳೆಯ ಮೇಲೆ ಬರೆದ ಅಂಕಿಯಿಂದ ಅಷ್ಟು ಜನರ ಕಿವಿ, ಕೈ ಉಳಿದವು.

ಲೋಹಕ್ಕೆ ಇಷ್ಟು ಆಗಿದೆ. ಅಂಟಿಗೆ ಇನ್ನೂ ಆಗಿಲ್ಲ. ನನ್ನ ತಕರಾರು ಇರುವುದು ಇಲ್ಲೇ.

ನನ್ನ ಬೆನ್ನಿನ ಮೇಲೆ ಪ್ಯಾಚ್ ಟೆಸ್ಟ್ ಮಾಡಿದರು. ಗುಂಡನೆಯ ಪುಟ್ಟ ಅಲ್ಯೂಮಿನಿಯಂ ಬಟ್ಟಲುಗಳಲ್ಲಿ ಒಂದೊಂದು ರಾಸಾಯನಿಕದ ಚೂರು ಹಾಕಿ, ಸಾಲಾಗಿ ಟೇಪಿನಿಂದ ಅಂಟಿಸುತ್ತಾರೆ. 48 ಗಂಟೆ ಅದು ಹಾಗೇ ಇರಬೇಕು. ಬೆನ್ನಿಗೆ ನೀರು ತಾಗಬಾರದು, ಬೆವರಬಾರದು, ಭಾರ ಎತ್ತಬಾರದು. ಎರಡನೇ ರಾತ್ರಿ ಬೆನ್ನಿನ ಒಂದೇ ಒಂದು ಜಾಗ ಕಡಿಯಲು ಶುರುವಾಯಿತು. ಕೈಗೆ ಎಟುಕದ ಜಾಗ. ಬೆಳಗಿನ ತನಕ ಗೋಡೆಗೆ ಒರಗಿ ಕೂತಿದ್ದೆ. ಟೇಪ್ ತೆಗೆದಾಗ ಅಲ್ಲಿ ಕೆಂಪಾಗಿ ಊದಿತ್ತು. ನಾಲ್ಕನೇ ದಿನ ಮತ್ತೆ ನೋಡಿದಾಗ ಗುಳ್ಳೆ ಕಟ್ಟಿತ್ತು. ಡಾಕ್ಟರ್ ತಮ್ಮ ಪಟ್ಟಿ ನೋಡಿ ಓದಿದರು: ಹೈಡ್ರಾಕ್ಸಿಈಥೈಲ್ ಮೆಥಾಕ್ರಿಲೇಟ್. ನಿಕಲ್ ಹಚ್ಚಿದ ಜಾಗದಲ್ಲಿ ಏನೂ ಇರಲಿಲ್ಲ.

ಮೆಥಾಕ್ರಿಲೇಟ್, ಅಕ್ರಿಲೇಟ್ ಅನ್ನುವುದು ಒಂದು ದೊಡ್ಡ ಕುಟುಂಬ. ಗಾಜಿಗೆ ಲೋಹ, ಲೋಹಕ್ಕೆ ಪ್ಲಾಸ್ಟಿಕ್ ಅಂಟಿಸುವ ಗಟ್ಟಿ ಅಂಟುಗಳಲ್ಲಿ ಇವು ಇರುತ್ತವೆ. ಪೂರ್ತಿ ಗಟ್ಟಿಯಾದ ಮೇಲೆ ಸಾಮಾನ್ಯವಾಗಿ ಯಾರಿಗೂ ಏನೂ ಮಾಡುವುದಿಲ್ಲ. ಗಟ್ಟಿಯಾಗದೆ ಉಳಿದ ಚೂರುಪಾರು ಕಣಗಳು ಬೆವರಿನ ಜೊತೆ ಹೊರಗೆ ಬಂದು ಚರ್ಮಕ್ಕೆ ಇಳಿದಾಗ ತೊಂದರೆ. ಉಗುರಿಗೆ ಹಾಕುವ ಜೆಲ್‌ನಲ್ಲಿ, ಹಲ್ಲಿನ ಫಿಲ್ಲಿಂಗ್‌ನಲ್ಲಿ, ಮೂಳೆ ಕೂರಿಸುವ ಸಿಮೆಂಟಿನಲ್ಲಿ ಇರುವುದೂ ಇದೇ ಕುಟುಂಬದವು. ಹಾಗಾಗಿ ನಾನು ಇನ್ನು ಮುಂದೆ ಹಲ್ಲಿನ ಡಾಕ್ಟರ್ ಹತ್ತಿರ ಹೋದರೆ ಮೊದಲು ಈ ಹೆಸರು ಹೇಳಬೇಕು. ಮುಂದೆಂದಾದರೂ ಮಂಡಿಯ ಆಪರೇಷನ್ ಬೇಕಾದರೆ ಅಲ್ಲೂ ಹೇಳಬೇಕು. ಪರ್ಸಿನಲ್ಲಿ ಒಂದು ಚೀಟಿ ಬರೆದಿಟ್ಟುಕೊಂಡಿದ್ದೇನೆ. ಸಣ್ಣ ತುರಿಕೆ ಎಂದು ಇದನ್ನು ತಳ್ಳಿಹಾಕುವವರಿಗೆ ಆ ಚೀಟಿ ತೋರಿಸಬೇಕು ಅನಿಸುತ್ತದೆ.

ನಮ್ಮ ಡಾಕ್ಟರ್ ಕಂಪನಿಗೆ ತಾವೇ ಬರೆದರು. ಹಿಂಬದಿಯ ಗಾಜಿಗೆ ಬಳಸಿದ ಅಂಟಿನಲ್ಲಿ ಯಾವ ಯಾವ ಅಕ್ರಿಲೇಟ್ ಇವೆ, ಹೆಸರು ತಿಳಿಸಿ, ಸಾಧ್ಯವಾದರೆ ಒಂದಿಷ್ಟು ಸ್ಯಾಂಪಲ್ ಕಳಿಸಿ, ಪರೀಕ್ಷೆ ಮಾಡುತ್ತೇವೆ ಎಂದು. ತಯಾರಿಕೆಯ ವಿವರ ಹಂಚಿಕೊಳ್ಳಲು ಆಗುವುದಿಲ್ಲ ಎಂದು ಒಂದು ಸಾಲಿನ ಉತ್ತರ ಬಂತು.

ಹೆಸರು ಯಾಕೆ ಇಷ್ಟು ಮುಖ್ಯ ಎಂದು ನೀವು ಕೇಳಬಹುದು. ಅದಕ್ಕೆ ಒಂದು ನಿಜವಾದ ಉದಾಹರಣೆ ಇದೆ. ಸಕ್ಕರೆ ಕಾಯಿಲೆ ಇರುವವರು ತೋಳಿಗೆ ಅಂಟಿಸಿಕೊಳ್ಳುವ ಗ್ಲೂಕೋಸ್ ಸೆನ್ಸರ್‌ಗಳಿವೆ. ಅದರಿಂದ ಕೆಲವರಿಗೆ ಘೋರವಾದ ದದ್ದು ಬರುತ್ತಿತ್ತು. ಟೇಪಿನ ಅಂಟೇ ಕಾರಣ ಎಂದು ಎಲ್ಲರೂ ಅಂದುಕೊಂಡಿದ್ದರು. ಬೆಲ್ಜಿಯಂನ ಚರ್ಮದ ಡಾಕ್ಟರುಗಳು ಹಟ ಹಿಡಿದು ಸೆನ್ಸರನ್ನು ಬಿಡಿಸಿ ಪರೀಕ್ಷಿಸಿ, ಅದರೊಳಗಿನ ಐಸೋಬಾರ್ನೈಲ್ ಅಕ್ರಿಲೇಟ್ ಕಾರಣ ಎಂದು 2017ರಲ್ಲಿ ತೋರಿಸಿಕೊಟ್ಟರು. ಅಮೆರಿಕದ ಕಾಂಟ್ಯಾಕ್ಟ್ ಡರ್ಮಟೈಟಿಸ್ ಸೊಸೈಟಿ 2020ರಲ್ಲಿ ಅದನ್ನೇ ವರ್ಷದ ಅಲರ್ಜಿಕಾರಕ ಎಂದು ಹೆಸರಿಸಿತು. ಗಮನಿಸಬೇಕಾದ್ದು ಇದು: ಈ ಅಕ್ರಿಲೇಟಿಗೆ ಅಲರ್ಜಿ ಇರುವ ಅನೇಕರು ಮಾಮೂಲಿ ಪ್ಯಾಚ್ ಟೆಸ್ಟಿನಲ್ಲಿ ಇರುವ ಮೆಥಾಕ್ರಿಲೇಟಿಗೆ ಪ್ರತಿಕ್ರಿಯೆ ತೋರಿಸುವುದೇ ಇಲ್ಲ. ಟೆಸ್ಟ್ ಮಾಡಿಸಿ, ಏನೂ ಇಲ್ಲ ಎಂದು ರಿಪೋರ್ಟ್ ತಗೊಂಡು, ಮತ್ತೆ ಅದೇ ಸೆನ್ಸರ್ ಹಾಕಿಕೊಂಡು, ಮತ್ತೆ ಗುಳ್ಳೆ. ಹೆಸರು ಮೊದಲೇ ಗೊತ್ತಿದ್ದರೆ ಎಷ್ಟು ಜನರ ಎಷ್ಟು ತಿಂಗಳ ಸಂಕಟ ತಪ್ಪುತ್ತಿತ್ತು!

ವಾಚುಗಳ ಲೋಕಕ್ಕೂ ಇದು ಹೊಸತಲ್ಲ. 2013ರ ಕೊನೆಯಲ್ಲಿ ಫಿಟ್‌ಬಿಟ್ ಫೋರ್ಸ್ ಎಂಬ ಬ್ಯಾಂಡ್ ಬಂತು. ಕೆಲವೇ ತಿಂಗಳಲ್ಲಿ ಕೈ ತುಂಬ ದದ್ದು ಎದ್ದ ದೂರುಗಳು ಸುರಿದವು. 2014ರ ಮಾರ್ಚ್‌ನಲ್ಲಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ಮೂಲಕ ಸುಮಾರು 10 ಲಕ್ಷ ಬ್ಯಾಂಡುಗಳನ್ನು ವಾಪಸ್ ಕರೆಸಿದರು. ಸುಮಾರು 9,900 ಜನ ಚರ್ಮದ ತೊಂದರೆ ಹೇಳಿಕೊಂಡಿದ್ದರು, ಸುಮಾರು 250 ಜನಕ್ಕೆ ನೀರುಗುಳ್ಳೆ ಎದ್ದಿತ್ತು. ಸ್ಟೀಲಿನಲ್ಲಿದ್ದ ನಿಕಲ್, ಸ್ಟ್ರಾಪಿನ ವಸ್ತು ಅಥವಾ ಜೋಡಿಸಲು ಬಳಸಿದ ಅಂಟು, ಇವುಗಳಿಗೆ ಆದ ಅಲರ್ಜಿ ಇರಬೇಕು ಎಂದು ಕಂಪನಿಯೇ ಹೇಳಿತು. ಅಂಟಿನ ವಿಷಯ ನಿಮಗೆ ಅಂದಿನಿಂದಲೇ ಗೊತ್ತು ಎಂದಾಯಿತು.

ಆಪಲ್ ಕಂಪನಿ ತನ್ನ ವಾಚಿನ ಕೆಲವು ಭಾಗಗಳಲ್ಲಿ ನಿಕಲ್ ಇದೆ, ಅಂಟಿನಲ್ಲಿ ಅಲ್ಪ ಪ್ರಮಾಣದ ಮೆಥಾಕ್ರಿಲೇಟ್ ಇದೆ ಎಂದು ತಾನೇ ಬರೆದು ಪ್ರಕಟಿಸಿದೆ. ಇದನ್ನು ನಾನು ಮೆಚ್ಚುತ್ತೇನೆ. ಅಷ್ಟು ಹೇಳಿದ್ದರಿಂದ ಅವರ ವ್ಯಾಪಾರವೇನೂ ಮುಳುಗಿಲ್ಲ. ಆದರೂ ಮೆಥಾಕ್ರಿಲೇಟ್ ಎನ್ನುವುದು ಮನೆತನದ ಹೆಸರು. ಡಾಕ್ಟರಿಗೆ ಬೇಕಿರುವುದು ಆ ಮನೆಯಲ್ಲಿ ಯಾರು ಎನ್ನುವುದು.

ನನ್ನ ಬಾತ್‌ರೂಮಿನಲ್ಲಿ ಒಂದು ಕೈ ಕ್ರೀಮಿನ ಟ್ಯೂಬ್ ಇದೆ. ಹೆಬ್ಬೆರಳಿನಷ್ಟು ದಪ್ಪ. ಅದರ ಹಿಂದೆ ಸಣ್ಣ ಅಕ್ಷರದಲ್ಲಿ ಇಪ್ಪತ್ತೆರಡು ಹೆಸರುಗಳಿವೆ, ಎಣಿಸಿದ್ದೇನೆ. ಹಚ್ಚಿದ ಹತ್ತು ನಿಮಿಷಕ್ಕೆ ಇಂಗಿ ಹೋಗುವ ಕ್ರೀಮಿಗೆ ಇಷ್ಟು ಲೆಕ್ಕ ಕೊಡಬೇಕು ಎಂದು ನಿಯಮ ಇದೆ. ದಿನಕ್ಕೆ 23 ಗಂಟೆ ಚರ್ಮಕ್ಕೆ ಒತ್ತಿಕೊಂಡಿರುವ, ಬೆವರಿನಲ್ಲಿ ನೆನೆಯುವ ವಾಚಿನ ಡಬ್ಬಿಯ ಮೇಲೆ ನನಗೆ ಸಿಕ್ಕಿದ್ದು ಎರಡೇ ಮಾತು: "ಸ್ಕಿನ್ ಫ್ರೆಂಡ್ಲಿ", "ಹೈಪೋಅಲರ್ಜೆನಿಕ್". ಅಲರ್ಜಿ ತರುವುದು ಕಡಿಮೆ ಎಂಬ ಅರ್ಥದ ಈ ಎರಡನೇ ಪದಕ್ಕೆ ಇಂಥದೇ ಪರೀಕ್ಷೆ ಪಾಸಾಗಿರಬೇಕು ಎಂದು ಅಮೆರಿಕದ ಕಾನೂನಿನಲ್ಲಿ ಕೂಡ ಏನೂ ಇಲ್ಲ. ಯಾರು ಬೇಕಾದರೂ ಬರೆದುಕೊಳ್ಳಬಹುದು. ಅಲರ್ಜಿ ಇರುವವರು ಈ ಪದವನ್ನು ನಂಬಿಯೇ ದುಡ್ಡು ಕೊಡುತ್ತಾರೆ.

ವಾಚ್ ಆಗದಿದ್ದರೆ ಸುಮ್ನೆ ಬಿಚ್ಚಿಡಿ, ಯಾರು ಕಟ್ಟಿಕೊಳ್ಳಿ ಅಂದರು ಎಂದು ನನ್ನ ಸ್ನೇಹಿತರೊಬ್ಬರು ಕೇಳಿದರು. ನಾನು ಬಿಚ್ಚಿಟ್ಟೆ. ನಮ್ಮ ಅಮ್ಮನಿಗೆ ಹಾಗೆ ಮಾಡಲು ಆಗುವುದಿಲ್ಲ. ಅವರಿಗೆ 76 ವರ್ಷ. ಎರಡು ಸಲ ಬಿದ್ದಿದ್ದಾರೆ. ಬಿದ್ದರೆ ನಮ್ಮ ಫೋನಿಗೆ ತಾನೇ ಸುದ್ದಿ ಕಳಿಸುವ ವಾಚ್ ಅದು. ರಾತ್ರಿ ಬಾತ್‌ರೂಮಿಗೆ ಹೋಗುವಾಗಲೂ ಕೈಯಲ್ಲಿ ಇರಲೇಬೇಕು. ವಯಸ್ಸಾದವರ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳು. ಸ್ಟ್ರಾಪಿನ ಅಂಚು ತಾಗಿದ ಕಡೆ ಕೆಂಪಾಗಿ ಕಿತ್ತು ಬರುತ್ತಿತ್ತು. ಅಮ್ಮ ಯಾರಿಗೂ ಹೇಳದೆ ಹಳೆಯ ಹತ್ತಿ ಬಟ್ಟೆಯ ಚೂರೊಂದನ್ನು ಕತ್ತರಿಸಿ ವಾಚಿನ ಕೆಳಗೆ ಇಟ್ಟುಕೊಂಡರು. ಬಟ್ಟೆ ಅಡ್ಡ ಬಂದದ್ದರಿಂದ ವಾಚಿಗೆ ಕೈ ಇದೆ ಎಂದೇ ಗೊತ್ತಾಗಲಿಲ್ಲ. ಬಿಚ್ಚಿಟ್ಟಿದ್ದಾರೆ ಎಂದು ಲೆಕ್ಕ ಹಾಕಿತು. ಮೂರು ದಿನ ಅವರು ಕಾವಲಿಲ್ಲದೆ ಓಡಾಡಿದ್ದರು. ನಾವು ಕೇಳಿದಾಗ, "ಉರೀತಿತ್ತು ಕಣೋ, ನಿಮಗೆಲ್ಲ ಯಾಕೆ ತೊಂದರೆ ಅಂತ" ಅಂದರು. ಎದೆಬಡಿತದ ಏರುಪೇರು ನೋಡಿಕೊಳ್ಳಲು ಕಟ್ಟಿಕೊಂಡವರಿಗೂ ಇದೇ ಪಾಡು. ಅವರಿಗೆ ವಾಚ್ ಷೋಕಿಯ ವಸ್ತು ಅಲ್ಲ.

ಇನ್ನೊಂದು ವಿಷಯ. ನಿಮ್ಮ ಕೈಪಿಡಿಗಳಲ್ಲಿ "ಚರ್ಮ ಕೆಂಪಾದರೆ ಬಿಚ್ಚಿ" ಎಂದಿರುತ್ತದೆ. ಕಪ್ಪು ಮೈಬಣ್ಣದವರಲ್ಲಿ ದದ್ದು ಯಾವಾಗಲೂ ಕೆಂಪಗೆ ಕಾಣುವುದಿಲ್ಲ. ಕಂದು, ಬೂದು, ನೇರಳೆ ಛಾಯೆಯಲ್ಲಿ ಕಾಣಬಹುದು. ವಾಸಿಯಾದ ಮೇಲೂ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಕೆಂಪನ್ನೇ ಕಾಯುತ್ತಾ ಕೂತವರು ತಡವಾಗಿ ಬಿಚ್ಚುತ್ತಾರೆ. ಆ ಒಂದು ಸಾಲು ತಿದ್ದಲು ಯಾವ ಖರ್ಚೂ ಇಲ್ಲ.

ಈಗ ನಾನು ಕೇಳುವುದನ್ನು ನೇರವಾಗಿ ಕೇಳುತ್ತೇನೆ. ಚರ್ಮಕ್ಕೆ ತಾಗುವ ಪ್ರತಿಯೊಂದು ಭಾಗದಲ್ಲಿ, ಅದನ್ನು ಅಂಟಿಸಲು ಬಳಸಿದ್ದರಲ್ಲಿ ಏನಿದೆ ಎಂದು ಪೂರ್ತಿ ಹೆಸರಿನ ಪಟ್ಟಿ ಕೊಡಿ. ಡಬ್ಬಿಯ ಮೇಲೆ ಜಾಗ ಇಲ್ಲದಿದ್ದರೆ ಕೈಪಿಡಿಯಲ್ಲಿ ಹಾಕಿ. ಸ್ಟ್ರಾಪ್ ರಬ್ಬರಿನದಾದರೆ ಅದನ್ನು ಗಟ್ಟಿ ಮಾಡಲು ಹಾಕಿದ ಥಯೂರಂ, ಕಾರ್ಬಮೇಟ್‌ನಂಥವುಗಳ ಹೆಸರು, ಚರ್ಮದ್ದಾದರೆ ಹದ ಮಾಡಲು ಕ್ರೋಮಿಯಂ ಬಳಸಿದ್ದೀರಾ ಎನ್ನುವುದು, ಬಣ್ಣ ಯಾವುದು ಎನ್ನುವುದು, ಎಲ್ಲವೂ ಬೇಕು. ಇವೆಲ್ಲ ಅಲರ್ಜಿ ತರುತ್ತವೆ ಎಂದು ಡಾಕ್ಟರುಗಳಿಗೆ ಎಷ್ಟೋ ಕಾಲದಿಂದ ಗೊತ್ತಿರುವ ವಸ್ತುಗಳೇ. ವ್ಯಾಪಾರದ ಗುಟ್ಟು ಎನ್ನುತ್ತೀರಿ. ಯಾವುದನ್ನು ಎಷ್ಟು ಬೆರೆಸಿದಿರಿ, ಹೇಗೆ ಕಾಯಿಸಿದಿರಿ ಎನ್ನುವುದು ಗುಟ್ಟಾಗಿಯೇ ಇರಲಿ. ಹೆಸರಷ್ಟೇ ಸಾಕು. ಡಾಕ್ಟರ್ ಒಬ್ಬರು ಸ್ಯಾಂಪಲ್ ಕೇಳಿದರೆ ಕಳಿಸಿಕೊಡುವ ಒಂದು ವಿಳಾಸ ಇಡಿ.

ಅಧಿಕಾರಿಗಳಿಗೆ ನನ್ನ ಬೇಡಿಕೆ ನಿಕಲ್‌ಗೆ ಮಾಡಿದ ಹಾಗೆಯೇ ಅಂಟಿಗೂ ಮಾಡಿ ಎನ್ನುವುದು. ಕೃತಕ ಬೆವರಿನಲ್ಲಿ ಇಟ್ಟು ಎಷ್ಟು ಅಕ್ರಿಲೇಟ್ ಹೊರಗೆ ಬರುತ್ತದೆ ಎಂದು ಅಳೆಯಿರಿ, ಒಂದು ಮಿತಿ ಹಾಕಿ. ಪರೀಕ್ಷೆಗೆ ಅಂಗಡಿಯಿಂದ ಬಂದ ಹೊಸ ವಾಚ್ ಮಾತ್ರ ಸಾಲದು. ಒಂದು ವರ್ಷ ಬೆವರು, ಸೋಪು, ಬಿಸಿಲು ತಿಂದು ಅಂಚು ಸಡಿಲವಾದ ವಾಚನ್ನೂ ಪರೀಕ್ಷಿಸಿ. ದದ್ದಿನ ದೂರು ಬಂದರೆ ಅದನ್ನು ಸರ್ವಿಸ್ ದೂರು ಎಂದು ಮುಚ್ಚದೆ ಗಾಯದ ದೂರು ಎಂದು ದಾಖಲಿಸಿ, ಎಣಿಸಿ, ವರ್ಷಕ್ಕೊಮ್ಮೆ ಪ್ರಕಟಿಸಲು ಕಂಪನಿಗಳಿಗೆ ಹೇಳಿ. ಫೋರ್ಸ್ ಬ್ಯಾಂಡ್ ವಾಪಸ್ ಹೋದದ್ದು ಯಾರೋ ಕೂತು 9,900 ದೂರುಗಳನ್ನು ಎಣಿಸಿದ್ದರಿಂದ. ನನ್ನ ಮೂರು ದೂರುಗಳು ಎಲ್ಲಾದರೂ ಎಣಿಕೆಗೆ ಸಿಕ್ಕಿವೆಯಾ? ವಾಪಸ್ ಕೊಡುವ ಅವಧಿಯ ವಿಷಯವೂ ಇದೆ. ಎರಡು ವಾರ, ಒಂದು ತಿಂಗಳು ಎಂದು ಇಟ್ಟಿರುತ್ತೀರಿ. ಮೂರನೇ ತಿಂಗಳಲ್ಲಿ ಏಳುವ ಅಲರ್ಜಿಗೆ ಆ ಅವಧಿ ಯಾವ ಉಪಯೋಗಕ್ಕೆ? ಡಾಕ್ಟರ್ ಚೀಟಿ ತಂದವರಿಗೆ ಅವಧಿ ನೋಡದೆ ದುಡ್ಡು ವಾಪಸ್ ಕೊಡಿ.

ಈ ಪತ್ರ ಓದುತ್ತಿರುವ, ಕೈಯಲ್ಲಿ ತುರಿಕೆ ಇರುವವರಿಗೂ ಎರಡು ಮಾತು. ಈಗಲೇ ಬಿಚ್ಚಿಡಿ. ನನ್ನ ಹಾಗೆ ಇನ್ನೊಂದು ಕೈಗೆ ಕಟ್ಟಬೇಡಿ. ದದ್ದು ಆರುವ ಮೊದಲೇ, ವಾಚಿನ ಹಿಂಬದಿಯನ್ನು ಪಕ್ಕದಲ್ಲಿಟ್ಟು ಒಳ್ಳೆಯ ಬೆಳಕಿನಲ್ಲಿ ಫೋಟೋ ತೆಗೆದುಕೊಳ್ಳಿ. ಯಾವ ಆಕಾರದಲ್ಲಿ ಎದ್ದಿದೆ ಎನ್ನುವುದು ಡಾಕ್ಟರಿಗೆ ಅರ್ಧ ಉತ್ತರ. ಬಕಲಿನ ಕೆಳಗೆ ಮಾತ್ರ ಇದ್ದರೆ ಒಂದು ಅನುಮಾನ, ಸ್ಟ್ರಾಪ್ ಉದ್ದಕ್ಕೂ ಇದ್ದರೆ ಇನ್ನೊಂದು, ಸೆನ್ಸರ್ ಸುತ್ತ ಗುಂಡಗೆ ಇದ್ದರೆ ಮತ್ತೊಂದು. ಮನೆಯಲ್ಲಿರುವ ಯಾವುದೋ ಹಳೆಯ ಸ್ಟೀರಾಯ್ಡ್ ಮುಲಾಮು ಹಚ್ಚಿಕೊಂಡು ಮೇಲೆ ಮತ್ತೆ ವಾಚ್ ಕಟ್ಟಬೇಡಿ. ಗುಳ್ಳೆ, ಕೀವು, ಊತ ಇದ್ದರೆ ತಡ ಮಾಡದೆ ತೋರಿಸಿ. ಕಂಪನಿಗೆ ಫೋನಿನಲ್ಲಿ ಹೇಳಿ ಬಿಡಬೇಡಿ, ಬರಹದಲ್ಲಿ ದೂರು ಕೊಡಿ.

ಅಮ್ಮನಿಗೆ ಈಗ ನೇಯ್ದ ಮೆತ್ತನೆ ಬಟ್ಟೆಯ ಸ್ಟ್ರಾಪ್ ಹಾಕಿದ್ದೇವೆ. ಬೆಳಗ್ಗೆ ಒಮ್ಮೆ, ರಾತ್ರಿ ಒಮ್ಮೆ ಬಿಚ್ಚಿ, ಕೈ ಒರೆಸಿ, ಹತ್ತು ನಿಮಿಷ ಗಾಳಿಗೆ ಬಿಡುತ್ತೇವೆ. ಆ ಹತ್ತು ನಿಮಿಷ ಯಾರಾದರೂ ಅವರ ಪಕ್ಕ ಕೂತಿರುತ್ತೇವೆ. ಅವರ ವಾಚಿನ ಹಿಂಬದಿಯಲ್ಲೂ ಒಂದು ಗುಂಡನೆಯ ಗಾಜಿದೆ. ಒರೆಸುವಾಗಲೆಲ್ಲ ಅದರ ಅಂಚನ್ನು ನೋಡುತ್ತೇನೆ.

ಆಸ್ಪತ್ರೆಯ ನನ್ನ ಫೈಲಿನಲ್ಲಿ ಡಾಕ್ಟರ್ ಒಂದು ಸಾಲು ಬರೆದು ಅರ್ಧಕ್ಕೆ ಬಿಟ್ಟಿದ್ದಾರೆ. "ಹಿಂಬದಿಯ ಗಾಜಿನ ಅಂಟು:" ಎಂದು ಬರೆದು ಮುಂದೆ ಖಾಲಿ. ನನ್ನ ವಾಚಿನ ಮಾಡೆಲ್ ನಂಬರ್, ಮೂರು ದೂರುಗಳ ನಂಬರ್, ಡಾಕ್ಟರ್ ಬರೆದ ಪತ್ರ ಎಲ್ಲವೂ ಆ ಕಂಪನಿಯವರ ಹತ್ತಿರ ಇವೆ. ಆ ಖಾಲಿ ಜಾಗಕ್ಕೆ ಏನು ಬರೆಯಬೇಕು, ದಯವಿಟ್ಟು ತಿಳಿಸಿ. ಕಾಯುತ್ತಿರುತ್ತೇನೆ.

ಇಂತಿ,
ನಿಮ್ಮ ವಾಚ್ ಕಟ್ಟಿಕೊಂಡಿದ್ದ ಒಬ್ಬ ಗ್ರಾಹಕ